ಅತ್ತೆಯ ಮರಕ್ಕೆ ಹೆಂಡ್ರಿಕ್‌ನ ಹೆಸರು

ಮಧ್ಯಾಹ್ನದ ಊಟದ ಮೇಜಿನ ಮೇಲೆ, ಅನ್ನದ ಪಾತ್ರೆಗೂ ಒಣಮೀನಿನ ತಟ್ಟೆಗೂ ನಡುವೆ, ನಾನಯ್ ಸಿಯಾಂಗ್ ಒಂದು ನೀಲಿ ಪ್ಲಾಸ್ಟಿಕ್ ಬಿಲ್ಲೆಯನ್ನು ಟಪ್ಪನೆ ಇಟ್ಟಳು. ಅದಕ್ಕೆ ಮೆತ್ತಿದ್ದ ಕೆಸರು ಇನ್ನೂ ಆರಿರಲಿಲ್ಲ.

"ಹೆಂಡ್ರಿಕ್ ಅಂದ್ರೆ ಯಾರು?"

ಅನ್ನ ಬಡಿಸುತ್ತಿದ್ದ ಸೊಸೆ ಜೋವೆಲಿನ್ ಸೌಟು ಹಿಡಿದು ಹಾಗೇ ನಿಂತಳು. ಮಗ ರೊಡೇಲಿಯೊ ಮೀನಿನ ತಲೆ ಬಾಯಲ್ಲಿಟ್ಟುಕೊಂಡೇ ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಹದಿಮೂರರ ಮೊಮ್ಮಗಳು ಕ್ರಿಶಾ ಬಿಲ್ಲೆ ಎತ್ತಿಕೊಂಡು ಓದಿದಳು. "ಇನ್ನೂರ ಹದಿನೇಳು. ಹೆಂಡ್ರಿಕ್. ಡೆನ್ಮಾರ್ಕ್."

"ಡೆನ್ಮಾರ್ಕೋ ಚಂದ್ರಲೋಕವೋ, ನನಗೇನು? ಹೊಳೆ ಬಾಯಿ ಹತ್ರ ಇರೋ ನನ್ನ ಕಾಂಡ್ಲಾ ಗಿಡದ ಕುತ್ತಿಗೆಗೆ ಇವನ ಹೆಸರು ಯಾಕೆ ಬಂತು, ಅದನ್ನ ಹೇಳಿ."

"ಎಲ್ಲೋ ತಪ್ಪಿ ಹೋಗಿರ್ಬೇಕು, ನಾನಯ್," ಎಂದಳು ಜೋವೆಲಿನ್. ನಾನಯ್ ಎಂದರೆ ಅಮ್ಮ, ಅತ್ತೆಯನ್ನು ಅವಳು ಹಾಗೇ ಕರೆಯುತ್ತಿದ್ದಳು.

"ಒಂದು ತಪ್ಪಿ ಹೋಗುತ್ತೆ, ಎರಡು ತಪ್ಪಿ ಹೋಗುತ್ತೆ. ಮೂವತ್ತನಾಲ್ಕು ತಪ್ಪಿ ಹೋಗಿದಾವೆ. ಚಿಪ್ಪು ಆಯೋಕೆ ಹೋದೋಳು ಚಿಪ್ಪು ಬಿಟ್ಟು ಬಿಲ್ಲೆ ಎಣಿಸ್ಕೊಂಡು ಬಂದಿದೀನಿ."

"ಅದು ನಿನ್ನ ಮರ ಅಂತ ಎಲ್ಲಾದ್ರೂ ಬರ್ದಿದ್ಯಾ, ಲೋಲಾ?" ಎಂದು ಕ್ರಿಶಾ ಅಜ್ಜಿಯನ್ನು ಕೆಣಕಿದಳು.

"ಬರೀಬೇಕಾ? ನಿಮ್ಮಪ್ಪನ ಹಣೆ ಮೇಲೆ ನನ್ನ ಮಗ ಅಂತ ಬರ್ದಿದೀನಾ?"

ರೊಡೇಲಿಯೊ ಬಾಯಲ್ಲಿದ್ದುದನ್ನು ನುಂಗಿ, "ನನ್ನ ಕೇಳಿದ್ರೆ..." ಎಂದು ಶುರುಮಾಡಿದ.

"ನಿನ್ನ ಯಾರೂ ಕೇಳ್ಲಿಲ್ಲ," ಎಂದು ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಹೇಳಿದರು. ಅವನು ಮತ್ತೆ ಮೀನಿನ ಕಡೆಗೆ ತಿರುಗಿದ.

ಪನಾಯ್ ದ್ವೀಪದ ಉತ್ತರದ ಅಂಚಿನಲ್ಲಿರುವ ತಿನಗ್ಬಾನ್‌ಗೆ ನಾಲ್ಕು ವರ್ಷದ ಹಿಂದೆ 'ತೀರದ ಬೇಲಿ' ಎಂಬ ಸಂಸ್ಥೆ ಬಂದಿತ್ತು. ಅದರ ಏರ್ಪಾಡು ಸರಳ. ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಫೋನು ತೆಗೆದು, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಒಂದು ಕಾಂಡ್ಲಾ ಗಿಡದ ಖರ್ಚು ಹೊರುತ್ತಾರೆ, ಅದಕ್ಕೊಂದು ಹೆಸರು ಕೊಡುತ್ತಾರೆ. ಇಲ್ಲಿ ಹನ್ನೊಂದು ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಆ ಗಿಡ ನೆಟ್ಟು, ನಂಬರು ಮತ್ತು ಹೆಸರಿರುವ ಬಿಲ್ಲೆ ಕಟ್ಟುತ್ತಾರೆ. ಜೋವೆಲಿನ್ ಅದರ ಫೋಟೋ ತೆಗೆದು ನಕ್ಷೆಗೆ ಏರಿಸುತ್ತಾಳೆ. ನಕ್ಷೆಯ ಮೇಲೆ ಒಂದು ಹಸಿರು ಚುಕ್ಕೆ ಮೂಡುತ್ತದೆ. ಆರು ತಿಂಗಳಿಗೊಮ್ಮೆ ಹೊಸ ಫೋಟೋ, ಅದೇ ಚುಕ್ಕೆ.

ಈ ಕೆಲಸ ಬರುವ ಮುಂಚೆ ಜೋವೆಲಿನ್ ಮೇಷ್ಟ್ರ ಮನೆಯ ಬಟ್ಟೆ ಒಗೆಯುತ್ತಿದ್ದಳು. ಹೈಸ್ಕೂಲು ಮುಗಿಸಿದ್ದೇ ಅವಳ ದೊಡ್ಡ ಓದು. ಈಗ ಪ್ರತಿ ಫೋಟೋದ ಕೆಳಗೆ ಅವಳ ಹೆಸರು, ಊರು ಎರಡೂ ಇರುತ್ತಿದ್ದವು. ಏಳು ದೇಶದ ಜನ ಆ ಹೆಸರನ್ನು ನೋಡುತ್ತಿದ್ದರು. ಇಲೋಯ್ಲೊ ಪಟ್ಟಣದ ಆಫೀಸಿನಲ್ಲಿ ಕೂತ ಮ್ಯಾಮ್ ಡೆನೀಸ್ ಬೇರೆ ಊರುಗಳವರಿಗೆ, "ತಿನಗ್ಬಾನ್ ನೋಡಿ ಕಲೀರಿ," ಎನ್ನುತ್ತಿದ್ದಳು. ಜೋವೆಲಿನ್ ನೆಲ ಗುಡಿಸುವಾಗಲೂ ತಲೆ ಎತ್ತಿಕೊಂಡೇ ಗುಡಿಸುತ್ತಾಳೆ ಎಂದು ರೊಡೇಲಿಯೊ ತಮಾಷೆ ಮಾಡುತ್ತಿದ್ದ. ಅದರಲ್ಲಿ ಸುಳ್ಳಿರಲಿಲ್ಲ.

ತಪ್ಪಾದದ್ದು ಕಡಲಿಗೆ ಮುಖ ಮಾಡಿದ ಮುಂಸಾಲಿನಲ್ಲಿ. ಕಾಂಡ್ಲಾದಲ್ಲಿ ಒಂದೇ ಜಾತಿಯಿಲ್ಲ. ಬಕಾವ್ ಎಂಬುದರ ಬೀಜ ನುಗ್ಗೆಕಾಯಿಯಂತೆ ಉದ್ದ, ಕೆಸರಿಗೆ ಚುಚ್ಚಿದರೆ ನೆಟ್ಟ ಹಾಗೆಯೇ. ಒಂದು ಬೆಳಗಿನಲ್ಲಿ ಇನ್ನೂರು ಗಿಡ ಮುಗಿಯುತ್ತದೆ, ಸಾಲು ಗೆರೆ ಎಳೆದಂತೆ ಬರುತ್ತದೆ, ಫೋಟೋದಲ್ಲಿ ಚೆಂದ ಕಾಣುತ್ತದೆ. ಪಗತ್ಪತ್ ಹಾಗಲ್ಲ. ಅದರ ಬೀಜ ಸಾಸಿವೆಗಿಂತ ಸ್ವಲ್ಪ ದೊಡ್ಡದು. ತಾಯಿಮರದ ಬುಡದಲ್ಲಿ ತಾನಾಗಿ ಎದ್ದ ಸಸಿ ಹುಡುಕಿ, ಬೇರು ನೋಯದಂತೆ ಎಬ್ಬಿಸಿ, ಚೀಲದಲ್ಲಿ ಎಂಟು ಹತ್ತು ತಿಂಗಳು ಸಾಕಬೇಕು. ಆದರೆ ಅಲೆಯ ಎದುರಿಗೆ ನಿಲ್ಲುವ ತಾಕತ್ತು ಇರುವುದು ಅದಕ್ಕೇ.

ನಾನಯ್ ಅಂದೇ ಹೇಳಿದ್ದಳು. "ಇಂದಯ್, ಮುಂದುಗಡೆ ಬಕಾವ್ ನಿಲ್ಲಲ್ಲ. ಅಲ್ಲಿ ಪಗತ್ಪತ್ ಹಾಕು. ಬಕಾವ್ ಅದರ ಮರೇಲಿ ಬೆಳೀಲಿ." ಇಂದಯ್ ಎಂದರೆ ಮಗಳೇ ಎಂದ ಹಾಗೆ. ಅವಳು ಅಕ್ಕರೆಯಿಂದಲೇ ಕರೆದಿದ್ದಳು. ಜೋವೆಲಿನ್ ಹನ್ನೊಂದು ಹೆಂಗಸರ ಎದುರಿಗೆ, "ನಾನಯ್, ನಿಮ್ಮ ಪಗತ್ಪತ್ ಫೋಟೋದಲ್ಲಿ ಕಳೆ ಥರ ಕಾಣ್ಸುತ್ತೆ," ಎಂದುಬಿಟ್ಟಿದ್ದಳು. ಹೆಂಗಸರು ನಕ್ಕಿದ್ದರು. ನಾನಯ್ ಬುಟ್ಟಿ ಎತ್ತಿಕೊಂಡು ಮನೆಗೆ ಹೋಗಿದ್ದಳು.

ಈಶಾನ್ಯದ ಗಾಳಿ ಎರಡು ಸಲ ಬಂದು ಹೋಗುವುದರೊಳಗೆ ಮುಂಸಾಲಿನ ತೊಂಬತ್ತಾರು ಗಿಡ ಸತ್ತವು. ಕಾಂಡಕ್ಕೆಲ್ಲ ಸುಣ್ಣ ಬಳಿದಂತೆ ಬಿಳಿ ಚಿಪ್ಪು ಹತ್ತಿ, ಅದರ ಭಾರಕ್ಕೆ ಬಾಗಿ, ಎಲೆ ಉದುರಿ ಕಡ್ಡಿಯಾದವು. ಜೋವೆಲಿನ್ ಆರು ತಿಂಗಳ ಫೋಟೋ ತೆಗೆಯಲು ಹೋದಾಗ ಫೋನಿನಲ್ಲಿ ಮೂರೇ ಗುಂಡಿಗಳಿದ್ದವು. ನೆಟ್ಟಿದೆ, ಬೆಳೆಯುತ್ತಿದೆ, ಚೆನ್ನಾಗಿ ಬೆಳೆಯುತ್ತಿದೆ. ಸತ್ತಿದೆ ಎನ್ನಲು ಗುಂಡಿಯೇ ಇರಲಿಲ್ಲ. ಆಫೀಸಿಗೆ ಫೋನು ಮಾಡಬಹುದಿತ್ತು. ತಿನಗ್ಬಾನ್ ನೋಡಿ ಕಲಿಯಿರಿ ಎಂದವರಿಗೆ ಯಾವ ಬಾಯಲ್ಲಿ ಹೇಳುವುದು? ಅವಳು ಮೊದಲು ಒಂದು ಬಿಲ್ಲೆ ಬಿಚ್ಚಿ ಹೊಳೆ ಬಾಯಿಯ ಗಿಡಕ್ಕೆ ಕಟ್ಟಿದಳು. ಆಮೇಲೆ ಇನ್ನೊಂದು. ನಕ್ಷೆಯಲ್ಲಿ ಚುಕ್ಕೆ ನೂರು ಮಾರು ಒಳಗೆ ಸರಿದರೆ ಡೆನ್ಮಾರ್ಕಿನಲ್ಲಿ ಕೂತವರಿಗೆ ಏನು ತಿಳಿಯುತ್ತದೆ?

ಡೆನ್ಮಾರ್ಕಿನವರಿಗೆ ತಿಳಿಯಲಿಲ್ಲ. ಅತ್ತೆಗೆ ತಿಳಿಯಿತು.

"ತೋರಿಸೋಕೆ ಇದೊಂದು ಬಿಚ್ಚಿ ತಂದೆ. ಉಳಿದದ್ದನ್ನ ನಾನು ಬಿಚ್ಚಲ್ಲ," ಎಂದಳು ನಾನಯ್, ಕೈ ತೊಳೆಯುತ್ತಾ. "ಊರಲ್ಲಿ ಬಾಯಿ ಬಿಡೋದೂ ಇಲ್ಲ. ಕಟ್ಟಿದ ಕೈಯೇ ಬಿಚ್ಚಬೇಕು. ಅಲ್ಲೀವರೆಗೂ ನಿನ್ನ ಒಲೆ ನಿಂಗೆ, ನನ್ನ ಒಲೆ ನಂಗೆ."

ಮಾತು ಆಡಿದಂತೆಯೇ ನಡೆದಳು. ಮನೆಯ ಹಿಂದಿನ ಸೌದೆ ಒಲೆ ಹತ್ತಿತು. ಮಾರನೆಯ ದಿನದಿಂದ ಒಂದೇ ಮನೆಯಲ್ಲಿ ಎರಡು ಅಡುಗೆ. ನಾನಯ್ ತೊಗರಿಕಾಳು, ಎಳೆ ಹಲಸಿನಕಾಯಿ, ಹಂದಿಮಾಂಸ ಹಾಕಿ ಹುಳಿ ಕುದಿಸಿದರೆ ಪರಿಮಳ ಮೂರು ಮನೆಯಾಚೆಗೆ ಹೋಗುತ್ತಿತ್ತು. ಒಳಗೆ ಜೋವೆಲಿನ್ ಮೊಟ್ಟೆ ಹುರಿಯುತ್ತಿದ್ದಳು. ರೊಡೇಲಿಯೊ ಮಗಳ ಜೊತೆ ಹಿಂಬಾಗಿಲಲ್ಲಿ ಒಂದು ಊಟ, ಮುಂಬಾಗಿಲಲ್ಲಿ ಒಂದು ಊಟ ಮಾಡಿ, ಎರಡೇ ವಾರದಲ್ಲಿ ಹೊಟ್ಟೆ ಬರಿಸಿಕೊಂಡ.

ಅತ್ತೆ ಸೊಸೆಯ ಮಾತುಕತೆ ಕ್ರಿಶಾಳ ಮೂಲಕ ನಡೆಯಿತು.

"ನಿಮ್ಮಮ್ಮಂಗೆ ಹೇಳು, ಬಟ್ಟೆ ಒಣಗಿದೆ, ಮಳೆ ಬರೋ ಹಾಗಿದೆ."

"ಅಮ್ಮಾ, ಬಟ್ಟೆ ಒಣಗಿದೆ."

"ನನಗೂ ಕಣ್ಣಿದೆ ಅಂತ ಹೇಳು."

"ಲೋಲಾ, ಅಮ್ಮಂಗೂ ಕಣ್ಣಿದ್ಯಂತೆ."

"ಇದ್ರೆ ಮುಂಸಾಲು ಯಾಕೆ ಕಾಣ್ಲಿಲ್ಲ ಅಂತ ಕೇಳು."

"ನಾನು ಕೇಳಲ್ಲಪ್ಪ. ನೀವೇ ಕೇಳ್ಕೊಳಿ. ನನಗೆ ನಾಳೆ ಪರೀಕ್ಷೆ ಇದೆ," ಎಂದು ಕ್ರಿಶಾ ಪುಸ್ತಕ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು.

ಇಷ್ಟಾದರೂ ಹಿಂದಿನ ಒಲೆಯ ಹುಳಿ ಒಂದು ಬಟ್ಟಲು ದಿನವೂ ಒಳಗೆ ಬರುತ್ತಿತ್ತು, ಮೇಲೊಂದು ತಟ್ಟೆ ಮುಚ್ಚಿಕೊಂಡು. ಯಾರು ಇಟ್ಟರೆಂದು ಯಾರೂ ಕೇಳುತ್ತಿರಲಿಲ್ಲ. ಜೋವೆಲಿನ್ ಮೊದಲ ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ತಿಂದಳು. ಹಟಕ್ಕೂ ಒಂದು ಮಿತಿ ಇರುತ್ತದೆ, ಆ ಹುಳಿಯ ಎದುರಿಗಂತೂ ಇರುತ್ತದೆ.

ಮೂರನೆಯ ವಾರ ಮ್ಯಾಮ್ ಡೆನೀಸ್ ಫೋನು ಮಾಡಿದಳು. ಅವಳ ಸಂತೋಷ ಫೋನಿನಿಂದ ಹಿಂದಿನ ಒಲೆಯವರೆಗೂ ಕೇಳುವಂತೆ ಉಕ್ಕುತ್ತಿತ್ತು.

"ಜೋವೆಲಿನ್, ಇಪ್ಪತ್ತನೇ ತಾರೀಕು ನೇರಪ್ರಸಾರ ಇಟ್ಕೊಂಡಿದೀವಿ. ಗಿಡ ಕೊಟ್ಟೋರೆಲ್ಲ ನೋಡ್ತಾರೆ. ಅವರವರ ನಂಬರು ಹೇಳ್ತಾರೆ, ನೀವು ಆ ಗಿಡದ ಹತ್ರ ನಡ್ಕೊಂಡು ಹೋಗಿ ತೋರಿಸ್ಬೇಕು. ಒಂಬತ್ತು ಊರು ಇದೆ. ಮೊದಲು ನಿಮ್ಮೂರೇ."

"ನಮ್ಮೂರೇ ಯಾಕೆ, ಮ್ಯಾಮ್?"

"ಯಾಕೆ ಅಂದ್ರೆ? ಬೇರೆ ಕಡೆಯೆಲ್ಲ ಅಲ್ಲಿಷ್ಟು ಇಲ್ಲಿಷ್ಟು ತೊಂದರೆ ಇದೆ. ನಿಮ್ಮಲ್ಲಿ ಒಂದೂ ಗಿಡ ಸತ್ತಿಲ್ಲವಲ್ಲ!"

ಜೋವೆಲಿನ್ "ಸರಿ ಮ್ಯಾಮ್" ಎಂದಳು. ಇನ್ನೂ ಅರವತ್ತೆರಡು ಬಿಲ್ಲೆ ಸತ್ತ ಕಡ್ಡಿಗಳ ಮೇಲೇ ಇದ್ದವು. ಇಪ್ಪತ್ತಕ್ಕೆ ಎಂಟು ದಿನ ಉಳಿದಿತ್ತು. ಮನಸ್ಸು ಮಾಡಿದರೆ ಕಡಲು ಎರಡು ಸಲ ಇಳಿಯುವುದರೊಳಗೆ ಎಲ್ಲವನ್ನೂ ಹೊಳೆ ಬಾಯಿಗೆ ಸಾಗಿಸಬಹುದಿತ್ತು. ಅತ್ತೆ ಊರಲ್ಲಿ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಅವಳದೊಂದೇ ಅಲ್ಲ, ಹನ್ನೊಂದು ಮನೆಯ ಅಕ್ಕಿ ಅದರಿಂದ ಬರುತ್ತಿತ್ತು. ಅವಳು ನಾಳೆಯೇ ಹೋಗಿ ಬಿಚ್ಚಿ ಕಟ್ಟುವುದೆಂದು ತೀರ್ಮಾನಿಸಿದಳು.

ಬೆಳಿಗ್ಗೆ ಮೀನು ಕೊಳ್ಳಲು ಸಂತೆಗೆ ಹೋದಾಗ, ಮೀನು ಮಾರುವ ಪೂರಿಂಗಕ್ಕ ಎರಡು ಮೀನು ಹೆಚ್ಚಿಗೆ ಹಾಕಿದಳು.

"ಇದೇನು, ಹಬ್ಬಾನಾ?"

"ಏಳು ದೇಶದೋರು ನೋಡೋ ಹೆಂಗಸಿಗೆ ಎರಡು ಮೀನು ಜಾಸ್ತಿ ಹಾಕ್ಬಾರ್ದಾ? ನಿಮ್ಮತ್ತೆ ಇವತ್ತು ಬೆಳಿಗ್ಗೆ ತಾನೇ ಇಲ್ಲಿ ನಿಂತು ಅರ್ಧ ಗಂಟೆ ಹೇಳಿದ್ಲಲ್ಲ. ಟಿವಿ ಥರ ಬರ್ತೀಯಂತೆ ನೀನು, ಇಪ್ಪತ್ತನೇ ತಾರೀಕು."

"ಇವತ್ತು ಬೆಳಿಗ್ಗೆ? ನಮ್ಮತ್ತೆ?"

"ಮತ್ಯಾರು? 'ನನ್ನ ಸೊಸೆ ಬರೀ ಹೈಸ್ಕೂಲು, ಆದ್ರೆ ಅವಳ ಕೈಯಿಂದ ಸುಳ್ಳು ಬರಲ್ಲ, ಅದಕ್ಕೇ ಅವಳನ್ನ ಮೊದಲು ಕರ್ದಿದಾರೆ' ಅಂದ್ಲು. ನಾವೆಲ್ಲ ಕಿವಿ ಮುಚ್ಕೊಂಡ್ವಿ ಅಂತಿಟ್ಕೋ. ದಿನಾ ಇದೇ ಕಥೆ."

ಜೋವೆಲಿನ್ ಮೀನಿನ ಚೀಲ ಎತ್ತಿಕೊಂಡಳು. ಮೂರು ವಾರದಿಂದ ತನ್ನ ಮುಖ ನೋಡದ ಹೆಂಗಸು ಸಂತೆಯಲ್ಲಿ ನಿಂತು ತನ್ನನ್ನು ಹೊಗಳುತ್ತಿದ್ದಳು, ಅದೂ ಎಲ್ಲ ಗೊತ್ತಿದ್ದೂ. ಅವಳಿಗೆ ಇಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಮೀನನ್ನು ಮನೆಯಲ್ಲಿಟ್ಟು, ಕುಡುಗೋಲು ತೆಗೆದುಕೊಂಡು, ನೀರು ಇಳಿಯುತ್ತಿದ್ದಂತೆ ನೇರ ಹೊಳೆ ಬಾಯಿಗೆ ಹೋದಳು.

ಒಂಬತ್ತನೆಯ ದಾರ ಕುಯ್ಯುವ ಹೊತ್ತಿಗೆ ಹಿಂದೆ ಕೆಸರು ಪಚಪಚ ಎಂದಿತು. ನಾನಯ್ ಚಿಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಬುಟ್ಟಿಯನ್ನು ಮುಂದೆ ಚಾಚಿದಳು.

"ಇದ್ರಲ್ಲಿ ಹಾಕು. ಜೇಬು ಹರಿದೋಗುತ್ತೆ."

ಜೋವೆಲಿನ್ ಬಿಲ್ಲೆಗಳನ್ನು ಹಾಕಿದಳು. ಗಿಡಗಳಲ್ಲಿ ಉಳಿದಿದ್ದ ಮೂವತ್ತಮೂರೂ ಮುಗಿದ ಮೇಲೆ ಬೆನ್ನು ನೆಟ್ಟಗೆ ಮಾಡಿದಳು.

"ಹನ್ನೊಂದು ಜನದ ಕೆಲಸ ಹೋಗುತ್ತೆ, ನಾನಯ್."

"ಹೋಗ್ಬಹುದು. ನನಗೂ ಭಯ ಇಲ್ದೆ ಇಲ್ಲ. ರೊಡೇಲಿಯೊ ತರೋ ಮೀನಲ್ಲಿ ಕ್ರಿಶಾ ಕಾಲೇಜು ಮುಟ್ಟಲ್ಲ, ಗೊತ್ತು."

"ಮತ್ತೆ?"

ನಾನಯ್ ಸುತ್ತಲಿನ ಮರಗಳನ್ನು ನೋಡಿದಳು. "ಆ ದೊಡ್ಡ ಬಿರುಗಾಳಿ ಆದ್ಮೇಲೆ ಇಲ್ಲಿ ಒಂದು ಕಡ್ಡಿ ಇರ್ಲಿಲ್ಲ. ನಿಮ್ಮ ಮಾವ ಹೋಗಿದ್ರು, ಮನೆ ಹೋಗಿತ್ತು. ನಾನೂ ಪೂರಿಂಗೂ ಇನ್ನೊಂದಿಬ್ರು ಸೇರಿ ನೆಟ್ವಿ. ಮೊದಲನೇ ವರ್ಷ ಹಾಕಿದ್ದೆಲ್ಲ ಸತ್ತೋಯ್ತು. ಎಲ್ಲಾ ಬಕಾವೇ. ನಿನ್ನ ತಪ್ಪನ್ನ ನಿನಗಿಂತ ಮುಂಚೆ ನಾನು ಮಾಡಿ ಮುಗ್ಸಿದೀನಿ."

"ಇದನ್ನ ಯಾಕೆ ಹೇಳ್ಲಿಲ್ಲ ನೀವು?"

"ಹೇಳೋಕೆ ಬಿಟ್ಯಾ? ಕಳೆ ಅಂದೆ."

ಜೋವೆಲಿನ್ ಕೆಸರಿನಲ್ಲಿ ನಿಂತೇ ಅತ್ತಳು. ನಾನಯ್ ಅವಳ ಬೆನ್ನು ಸವರಲಿಲ್ಲ, ಅದು ಅವಳ ಜಾಯಮಾನವಲ್ಲ. "ಅಳೋದು ಮನೇಲಿ ಅಳು. ನೀರು ಏರ್ತಿದೆ," ಎಂದಳು. ಆದರೆ ಬುಟ್ಟಿಯನ್ನು ತಾನೇ ಹೊತ್ತಳು. ಆ ದಿನ ಹಿಂದಿನ ಒಲೆ ಹತ್ತಲಿಲ್ಲ. ರೊಡೇಲಿಯೊ ಒಂದೇ ಊಟ ಮಾಡಿ, ಇದೇನು ಇವತ್ತು ಹೊಟ್ಟೆ ತುಂಬಲಿಲ್ಲ ಎಂದ.

ಸಂಜೆ ಹನ್ನೊಂದು ಹೆಂಗಸರನ್ನೂ ಮನೆಗೆ ಕರೆದು ಜೋವೆಲಿನ್ ಎಲ್ಲವನ್ನೂ ಹೇಳಿದಳು. ಬಿಸ್ಕತ್ತಿನ ತಟ್ಟೆ ಯಾರೂ ಮುಟ್ಟಲಿಲ್ಲ. ಲಾರ್ನಿ ಎಂಬವಳು ಎದ್ದು ನಿಂತು, "ಬಿಚ್ಚಿದ್ದನ್ನ ವಾಪಸ್ ಕಟ್ಟು. ಸತ್ತ ಮರಕ್ಕೆ ಬಾಯಿಲ್ಲ, ನಮ್ಮ ಮಕ್ಕಳಿಗಿದೆ," ಎಂದು ಕೂಗಾಡಿದಳು. ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಕೊನೆಗೆ ವಯಸ್ಸಾದ ಒಬ್ಬಳು, "ಅಲ್ಲಾ ಲಾರ್ನಿ, ನಾಳೆ ಅವರಲ್ಲಿ ಒಬ್ಬ ವಿಮಾನ ಹತ್ತಿ ಬಂದು ನನ್ನ ಮರ ಎಲ್ಲಿ ಅಂದ್ರೆ ನೀನು ತೋರಿಸ್ತೀಯಾ?" ಎಂದಳು. ಲಾರ್ನಿ ಕೂತಳು. ಗೊಣಗುತ್ತಲೇ ಕೂತಳು.

ಆಮೇಲೆ ಜೋವೆಲಿನ್ ಮ್ಯಾಮ್ ಡೆನೀಸ್‌ಗೆ ಫೋನು ಮಾಡಿ ಸುದ್ದಿ ಹೇಳಿದಳು.

"ತೊಂಬತ್ತಾರಾ?"

"ತೊಂಬತ್ತಾರು ಮ್ಯಾಮ್. ಮೂವತ್ತನಾಲ್ಕರ ಫೋಟೋ ಸುಳ್ಳು. ನಾನೇ ಮಾಡಿದ್ದು, ಬೇರೆ ಯಾರಿಗೂ ಗೊತ್ತಿರ್ಲಿಲ್ಲ."

"ಹಾಗಾದ್ರೆ ಇಪ್ಪತ್ತಕ್ಕೆ ನಿಮ್ಮೂರು ಬೇಡ. ಬೇರೆ ಊರಿಂದ ಶುರುಮಾಡೋಣ. ಆಮೇಲೆ ಒಂದು ಕಾಗದ ಬರ್ದು ನಿಧಾನಕ್ಕೆ ತಿಳಿಸಿದ್ರಾಯ್ತು."

"ಬೇಡ ಮ್ಯಾಮ್. ಮೊದಲು ನಮ್ಮೂರೇ ಅಂದಿದ್ರಿ. ಮೊದಲೇ ಬರ್ತೀವಿ. ನನ್ನ ಕೆಲಸದಿಂದ ತೆಗೆಯೋದಿದ್ರೆ ಇಪ್ಪತ್ತೊಂದಕ್ಕೆ ತೆಗೀರಿ."

ಇಪ್ಪತ್ತನೆಯ ತಾರೀಕು ಮಧ್ಯಾಹ್ನ ನಾಲ್ಕಕ್ಕೆ ನೀರು ಪೂರಾ ಇಳಿದಿತ್ತು. ಕ್ರಿಶಾ ಫೋನು ಹಿಡಿದಳು. ಆರುನೂರು ಚಿಲ್ಲರೆ ಜನ ನೋಡುತ್ತಿದ್ದಾರೆಂದು ಫೋನೇ ಹೇಳುತ್ತಿತ್ತು. ಜೋವೆಲಿನ್ ಚರ್ಚಿಗೆ ಹೋಗುವಾಗಿನ ಅಂಗಿ ತೊಟ್ಟು ಬಂದಿದ್ದಳು, ಕಾಲಿಗೆ ಕೆಸರಿನ ಬೂಟು. ಕಲಿತಿಟ್ಟುಕೊಂಡ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದಳು. ಚೆನ್ನಾಗಿ ಬೆಳೆದ ಒಳಸಾಲುಗಳನ್ನು ಮೊದಲು ತೋರಿಸಬಹುದಿತ್ತು. ಅವಳು ಹಾಗೆ ಮಾಡದೆ ನೇರ ಮುಂಸಾಲಿಗೆ ನಡೆದು, ಚಿಪ್ಪು ಹತ್ತಿದ ಕಡ್ಡಿಯೊಂದನ್ನು ಹಿಡಿದಳು.

"ಇದು ಸತ್ತಿದೆ. ಇದೂ. ಈ ಸಾಲಿನಲ್ಲಿ ತೊಂಬತ್ತಾರು ಸತ್ತಿವೆ. ಮೂವತ್ತನಾಲ್ಕು ಜನಕ್ಕೆ ನಾನು ಬೇರೆ ಮರದ ಫೋಟೋ ಕಳಿಸಿದ್ದೆ. ಆ ಮರ ನಿಮ್ಮದಲ್ಲ. ನನ್ನ ಅತ್ತೆಯದು. ನಿಮ್ಮಲ್ಲೂ ಅವರಲ್ಲೂ ಕ್ಷಮೆ ಕೇಳ್ತೀನಿ."

ಫೋನಿನ ಪರದೆಯ ಮೇಲೆ ಅಷ್ಟು ಹೊತ್ತೂ ಏರುತ್ತಿದ್ದ ಮಾತುಗಳು ನಿಂತುಹೋದವು. ಕ್ರಿಶಾ ತಾಯಿಯ ಮುಖ ನೋಡಿದಳು. ಒಬ್ಬರು ಬರೆದರು: ೨೧೭ ಎಲ್ಲಿದೆ? ನಾನು ಹೆಂಡ್ರಿಕ್. ಜೋವೆಲಿನ್ ಬಗ್ಗಿ ಅಕ್ಕಪಕ್ಕದ ನಂಬರು ನೋಡುತ್ತಾ ಹೋಗಿ, ಮುರಿದ ಕಡ್ಡಿಯೊಂದರ ಪಕ್ಕ ನಿಂತು, "ಇಲ್ಲಿ ಇತ್ತು," ಎಂದಳು.

ಆಗ ನಾನಯ್ ಸಿಯಾಂಗ್ ಯಾರೂ ಕರೆಯದೆ ಫೋನಿನ ಮುಂದೆ ಬಂದು ನಿಂತಳು. ತಲೆಗೆ ಹುಲ್ಲಿನ ಟೋಪಿ, ಕೈಯಲ್ಲಿ ಒಂದು ಪಗತ್ಪತ್ ಹಣ್ಣು.

"ಹಿಡಿ ಇತ್ತಕಡೆ. ಹೇಳ್ತೀನಿ, ನೀನು ಇಂಗ್ಲಿಷ್ ಮಾಡು."

"ಲೋಲಾ, ಎಲ್ಲರೂ ನೋಡ್ತಿದಾರೆ!"

"ನೋಡ್ಲಿ ಅಂತಾನೇ ಬಂದಿದೀನಿ. ಹೇಳು: ಈ ಹುಡುಗಿಗೆ ನಾನು ಮೊದಲೇ ಹೇಳಿದ್ದೆ, ಕೇಳ್ಲಿಲ್ಲ. ಯಾವ ಸೊಸೆ ಕೇಳ್ತಾಳೆ? ನಾನೂ ನಮ್ಮತ್ತೆ ಮಾತು ಕೇಳಿರ್ಲಿಲ್ಲ." ಕ್ರಿಶಾ ನಗು ತಡೆದುಕೊಂಡು ಅಷ್ಟನ್ನೂ ಹೇಳಿದಳು. ನಾನಯ್ ಹಣ್ಣನ್ನು ಉಗುರಿನಿಂದ ಒಡೆದು ಬೀಜ ತೋರಿಸಿದಳು. ಕೆಸರಿನಿಂದ ಮೇಲಕ್ಕೆ ನಿಂತ ಪೆನ್ಸಿಲಿನಂಥ ಬೇರು ಹಿಡಿದು, ಅಲೆ ಬಂದಾಗ ಇದು ಹೇಗೆ ಮಣ್ಣು ಕಚ್ಚುತ್ತದೆ ಎಂದು ಕೈಯಲ್ಲಿ ಮಾಡಿ ತೋರಿಸಿದಳು. ಹೊಳೆ ಬಾಯಿಯ ತನ್ನ ಮರಗಳ ಕಡೆ ಬೆರಳು ಮಾಡಿ, "ಅವನ್ನ ನೆಟ್ಟಾಗ ಯಾರೂ ಫೋಟೋ ತೆಗೀಲಿಲ್ಲ. ಕಳೆದ ಗಾಳಿಗೆ ನಮ್ಮ ಕೇರಿ ಮನೆಗಳಿಗೆ ಕಡಲ ನೀರು ಬರ್ಲಿಲ್ಲ. ಪಕ್ಕದೂರಿಗೆ ಬಂತು," ಎಂದಳು. ಆಮೇಲೆ ಸೊಸೆಯ ತೋಳು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು. "ಇವಳು ಸುಳ್ಳು ಫೋಟೋ ಕಳಿಸಿದ್ಲು, ನಿಜ. ಇವತ್ತು ಯಾರೂ ಕೇಳ್ದೆ ನಿಮ್ಮೆಲ್ಲರ ಮುಂದೆ ನಿಂತು ಹೇಳಿದ್ಲು, ಅದೂ ನಿಜ. ನಿಮ್ಮೂರಲ್ಲಿ ಇಂಥೋರು ಎಷ್ಟು ಜನ ಇದಾರೆ? ಅದನ್ನೂ ಇಂಗ್ಲಿಷ್ ಮಾಡು, ಬಿಡ್ಬೇಡ."

ಕ್ರಿಶಾ ಬಿಡಲಿಲ್ಲ. ಪರದೆ ಮತ್ತೆ ತುಂಬತೊಡಗಿತು. ಹೆಂಡ್ರಿಕ್ ಬರೆದಿದ್ದ: ಮುಂದಿನದನ್ನು ನಿಮ್ಮ ಅತ್ತೆ ಹೇಳಿದ ಜಾಗದಲ್ಲಿ ನೆಡಿ.

ಎಲ್ಲರೂ ಹೆಂಡ್ರಿಕ್ ಆಗಿರಲಿಲ್ಲ. ನಲವತ್ತು ಗಿಡ ಕೊಟ್ಟಿದ್ದ ಒಂದು ಕಂಪನಿ ಎರಡು ಸಾಲಿನ ಕಾಗದ ಬರೆದು ಹಿಂದೆ ಸರಿಯಿತು. ಎರಡು ತಿಂಗಳು ಹೆಂಗಸರಿಗೆ ವಾರಕ್ಕೆ ಮೂರು ದಿನದ ಬದಲು ಎರಡೇ ದಿನ ಕೆಲಸ ಸಿಕ್ಕಿತು. ಲಾರ್ನಿ ಸಿಕ್ಕಸಿಕ್ಕಲ್ಲಿ ಮುಖ ತಿರುಗಿಸಿದಳು. ಜೋವೆಲಿನ್ ತನ್ನ ಪಾಲಿನ ಹುಳಿಯನ್ನು ಬಟ್ಟಲಲ್ಲಿ ಹಾಕಿ ಅವಳ ಮನೆಗೆ ಕಳಿಸಿದಳು. ಮೊದಲ ಸಲ ಬಟ್ಟಲು ಹಾಗೇ ವಾಪಸು ಬಂತು. ಎರಡನೆಯ ಸಲ ತೊಳೆದು ಬಂತು.

ಆಫೀಸು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಬದಲಿಗೆ ಫೋನಿನ ನಕ್ಷೆಗೆ ನಾಲ್ಕನೆಯ ಗುಂಡಿ ಸೇರಿಸಿತು: ಸತ್ತಿದೆ. ಒತ್ತಿದರೆ ಹಸಿರು ಚುಕ್ಕೆ ಕಪ್ಪಾಗಿ, ಕಾರಣ ಕೇಳುತ್ತಿತ್ತು. ಜೋವೆಲಿನ್ ತೊಂಬತ್ತಾರು ಸಲ ಒತ್ತಿ, ತೊಂಬತ್ತಾರು ಸಲ ಕಾರಣ ಬರೆದಳು. ಬೇಸರ ಬಂದು ಒಂದು ಕಡೆ 'ಅತ್ತೆಯ ಮಾತು ಕೇಳಲಿಲ್ಲ' ಎಂದು ಬರೆದುಬಿಟ್ಟಳು. ಆ ಒಂದು ಸಾಲು ಎಲ್ಲೆಲ್ಲಿಗೋ ಹೋಯಿತು. ಉಳಿದ ಎಂಟು ಊರುಗಳ ನಕ್ಷೆಯಲ್ಲೂ ಕಪ್ಪು ಚುಕ್ಕೆಗಳು ಒಂದೊಂದಾಗಿ ಮೂಡಿದವು. ಅಲ್ಲೂ ಗಿಡ ಸತ್ತಿದ್ದವು, ಅಲ್ಲೂ ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಮಾರ್ಚಿನಲ್ಲಿ ಕೀನ್ಯಾದ ಕಡಲೂರೊಂದರ ಹೆಂಗಸರು ಬರೆದರು. ನಾವೂ ಮುಂದಿನ ಸಾಲಿಗೆ ತಪ್ಪು ಗಿಡ ನೆಟ್ಟಿದ್ದೇವೆ, ಆ ಅಜ್ಜಿ ತೋರಿಸಿದ ಮರ ನಮ್ಮಲ್ಲೂ ಇದೆ, ಸಸಿ ಎಬ್ಬಿಸುವುದು ಹೇಗೆ ಹೇಳಿಕೊಡುತ್ತಾರಾ?

"ಕೀನ್ಯಾ ಎಲ್ಲಿದೆ?" ಎಂದಳು ನಾನಯ್.

"ಆಫ್ರಿಕಾದಲ್ಲಿ, ಲೋಲಾ. ಸಮುದ್ರ ದಾಟಿ ಇನ್ನೊಂದು ಸಮುದ್ರ."

"ಅಲ್ಲೂ ಪಗತ್ಪತ್ ಇದ್ಯಾ?" ಅವಳ ಮುಖ ಅರಳಿತು. "ಹಾಗಾದ್ರೆ ಅವರು ನಮ್ಮೋರೇ. ಹಚ್ಚು ಫೋನು."

ಅಂದಿನಿಂದ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಮೇಜು ಒರೆಸಿ ಫೋನು ನಿಲ್ಲಿಸುವುದು ಮನೆಯ ಪದ್ಧತಿಯಾಯಿತು. ಆ ಕಡೆ ಆರೇಳು ಹೆಂಗಸರು, ಈ ಕಡೆ ಅತ್ತೆ, ಸೊಸೆ, ನಡುವೆ ಕ್ರಿಶಾಳ ಇಂಗ್ಲಿಷು. ನಾನಯ್ ಬೈಯುವ ಕಡೆ ಬೈದಳು, ನಗುವ ಕಡೆ ನಕ್ಕಳು. ಕೀನ್ಯಾದ ಹೆಂಗಸರು ಅವಳು ಬೈದದ್ದಕ್ಕೇ ಹೆಚ್ಚು ನಗುತ್ತಿದ್ದರು. ರೊಡೇಲಿಯೊ ಬಾಗಿಲಲ್ಲಿ ನಿಂತು ನೋಡಿ, ದಾರಿಯಲ್ಲಿ ಹೋಗುವವರಿಗೆಲ್ಲ, "ಸದ್ದು ಮಾಡ್ಬೇಡಿ, ನಮ್ಮಮ್ಮ ಆಫ್ರಿಕಾ ಜೊತೆ ಮಾತಾಡ್ತಿದಾಳೆ," ಎಂದು ಬೇಕೆಂದೇ ಗಟ್ಟಿಯಾಗಿ ಹೇಳುತ್ತಿದ್ದ.

ಗಾಳಿ ತಣ್ಣಗಾದ ಮೇಲೆ, ಮುಂದಿನ ವರ್ಷದ ನೆಡುವಿಕೆಗೆ ಮೊದಲ ನಾನೂರು ಪಗತ್ಪತ್ ಸಸಿ ಚೀಲಕ್ಕೆ ಬಂದವು. ಮ್ಯಾಮ್ ಡೆನೀಸ್ ಫೋನಿನಲ್ಲಿ ಒಂದು ಅರ್ಜಿ ಕಳಿಸಿದಳು. ಪ್ರತಿ ಊರಿಗೂ ಒಬ್ಬ ಸಲಹೆಗಾರರಿರಬೇಕು, ಅವರ ಹೆಸರು ನಕ್ಷೆಯ ತಲೆಯ ಮೇಲೆ ಎಲ್ಲರಿಗೂ ಕಾಣುತ್ತದೆ, ಸಂಬಳವೂ ಉಂಟು. ತಿನಗ್ಬಾನ್‌ಗೆ ಯಾರೆಂದು ಅವಳು ಕೇಳಲೇ ಇಲ್ಲ.

ಜೋವೆಲಿನ್ 'ಸಿಯಾಂಗ್ ತಮೊನಾನ್' ಎಂದು ಬರೆದು ತೋರಿಸಿದಳು.

"ಇದ್ಯಾರು?" ಎಂದಳು ನಾನಯ್.

"ನೀವೇ."

"ಸಿಯಾಂಗ್ ಅನ್ನೋದು ಕೂಗೋ ಹೆಸರು. ನನ್ನ ಹೆಸರು ಕೊನ್ಸೋರ್ಸಿಯಾ ಬಗುಂದೋಲ್ ವಿಯೂದಾ ದೆ ತಮೊನಾನ್. ಬಗುಂದೋಲ್ ನಮ್ಮಪ್ಪನ ಮನೆ. ತಮೊನಾನ್ ನಿಮ್ಮ ಮಾವನ ಮನೆ. ವಿಯೂದಾ ಅಂದ್ರೆ ಅವರು ಹೋದ್ಮೇಲೂ ನಾನು ನಿಂತಿದೀನಿ ಅಂತ. ಒಂದೂ ಬಿಡ್ಬೇಡ."

ಜೋವೆಲಿನ್ ಒತ್ತುತ್ತಾ ಹೋದಳು. ಇಪ್ಪತ್ತು ಅಕ್ಷರಕ್ಕೆ ಖಾನೆ ಮುಗಿಯಿತು. "ಹಿಡಿಸಲ್ಲ ನಾನಯ್. ಮೊದಲ ಹೆಸರು ಪೂರ್ತಿ ಹಾಕಿ, ಉಳಿದದ್ದು ಒಂದೊಂದೇ ಅಕ್ಷರ ಹಾಕ್ಲಾ?"

"ನಾನ್ಯಾಕೆ ಚಿಕ್ಕೋಳಾಗ್ಲಿ? ಖಾನೆ ದೊಡ್ಡದು ಮಾಡು ಅನ್ನು."

"ನೀವು ಒಬ್ರಿಗೋಸ್ಕರಾನಾ? ಅದು ಇಡೀ ಜಗತ್ತಿನ ಎಲ್ಲಾ ಊರಿಗೂ ಒಂದೇ ಖಾನೆ."

"ಒಂದು ಗುಂಡಿ ಹೊಸದಾಗಿ ಹಾಕ್ದೋರು ಒಂದು ಖಾನೆ ಹಿಗ್ಗಿಸೋಕೆ ಆಗಲ್ವಾ? ಕೇಳು. ಕೇಳೋಕೇನು ನಾಚಿಕೆ?"

ಜೋವೆಲಿನ್ ಕೇಳಿದಳು. ಮೂರು ದಿನ ಏನೂ ಬರಲಿಲ್ಲ. ನಾಲ್ಕನೆಯ ದಿನ, ಇಬ್ಬರೂ ಅಂಗಳದಲ್ಲಿ ಕೂತು ಸಸಿಯ ಚೀಲಕ್ಕೆ ಕೆಸರು ತುಂಬುತ್ತಿದ್ದಾಗ, ಉತ್ತರ ಬಂತು. ಎಲ್ಲ ಊರುಗಳಿಗೂ ಖಾನೆ ದೊಡ್ಡದು ಮಾಡಿದ್ದೇವೆ, ಈಗ ಹಾಕಿ.

ಅವಳು ಕೈ ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ನಾನಯ್ ಪಕ್ಕದಲ್ಲಿ ಕೂತು, ಅಪ್ಪನ ಮನೆ ಬಂತಾ, ಗಂಡನ ಮನೆ ಬಂತಾ ಎಂದು ಕೇಳುತ್ತಲೇ ಇದ್ದಳು. ಪೂರ್ತಿಯಾದ ಮೇಲೆ ಫೋನು ತೆಗೆದುಕೊಂಡು, ದೂರ ಹಿಡಿದು, ತುಟಿ ಆಡಿಸುತ್ತಾ ಎರಡು ಸಲ ಓದಿದಳು.

"ಇದರ ಮುಂದೆ ಇನ್ನೂ ಜಾಗ ಉಳಿದಿದ್ಯಲ್ಲ?"

"ಹೂಂ, ಇದೆ. ಬೇಕಾದಷ್ಟು ಕೊಟ್ಟಿದಾರೆ."

ನಾನಯ್ ಫೋನನ್ನು ಸೊಸೆಯ ಕೈಗೆ ಕೊಟ್ಟು, ಇನ್ನೊಂದು ಚೀಲಕ್ಕೆ ಕೆಸರು ತುಂಬತೊಡಗಿದಳು.

"ಹಾಗಾದ್ರೆ ನಿನ್ನ ಹೆಸರೂ ಹಾಕು. ಪೂರ್ತಿ ಹಾಕು."